ಬಂಡೆಯಾಚೆಯ ಡಬ್ಬಿ

ಅವರು ಟೆಸ್ಟರನ್ನು ಸುಮ್ಮನೆ ನಂಬಿದವರಲ್ಲ. ನಮ್ಮ ಹಿತ್ತಲಿನ ಮೋಟಾರು ನಿಂತಿದೆ ಎಂದು ಕರೆದರೆ ಮೊದಲು ಪಡಸಾಲೆಗೆ ಬರುತ್ತಿದ್ದರು. ಟೇಬಲ್ ಫ್ಯಾನ್ ಓಡುತ್ತಿರುವ ಬೋರ್ಡಿಗೆ ಟೆಸ್ಟರ್ ಚುಚ್ಚಿ, ಅದರ ಪುಟ್ಟ ದೀಪ ಹತ್ತುವುದನ್ನು ಕಣ್ಣು ಕಿರಿದು ಮಾಡಿ ನೋಡಿ, ಆಮೇಲೆ ಹಿತ್ತಲಿಗೆ ಹೋಗುತ್ತಿದ್ದರು. 

"ಫ್ಯಾನ್ ತಿರುಗ್ತಾ ಐತಲ್ಲ ಯಜಮಾನ್ರೇ, ಇಲ್ಲಿ ಕರೆಂಟ್ ಇರೋದು ಕುರುಡರಿಗೂ ಗೊತ್ತು" ಎಂದು ನಾನೊಮ್ಮೆ ಅವಸರ ಮಾಡಿದೆ.

"ನಾನು ಕರೆಂಟ್ ನೋಡ್ತಿಲ್ರಿ ಮೇಷ್ಟ್ರೇ, ಟೆಸ್ಟರ್ ನೋಡ್ತಿದೀನಿ. ಇದೇ ಸತ್ತಿದ್ರೆ, ಅಲ್ಲಿಗೆ ಹೋಗಿ ಲೈನ್ ಸತ್ತೈತೆ ಅಂತ ಹೇಳ್ತೈತೆ. ನಾನು ನಂಬಿ ಕೈ ಇಡ್ತೀನಿ."

ಹಿರಿಯೂರಿನ ಕಡೆ ಕೆಲಸದಲ್ಲಿದ್ದಾಗ ಅವರ ಜೊತೆಗಾರನೊಬ್ಬ ಹಾಗೆ ನಂಬಿಯೇ ಕಂಬದ ಮೇಲಿಂದ ಬಿದ್ದಿದ್ದನಂತೆ. ಅದನ್ನು ಅವರು ಹೆಚ್ಚು ಹೇಳುತ್ತಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಪ್ರಯೋಗಕ್ಕೆ ಮೊದಲು ಉಪಕರಣವನ್ನು ಪರೀಕ್ಷಿಸಿಕೊಳ್ಳಬೇಕೆಂದು ವರ್ಷಕ್ಕೊಮ್ಮೆ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ, ಮಕ್ಕಳು ಬರೆದುಕೊಳ್ಳುತ್ತಾರೆ, ನಾನು ಒರೆಸುತ್ತೇನೆ. ಅದನ್ನು ಬದುಕಿನಲ್ಲಿ ಮಾಡಿದವರು ಅವರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಬಾಯಿಂದ ಆ ಹೆಸರು ಒಮ್ಮೆ ಕೆಟ್ಟದ್ದು ಸಾಕು.

ಅವರು ನಿವೃತ್ತ ಲೈನ್‌ಮನ್. ಹೊಸದುರ್ಗದ ಕಡೆಯ ಹಳ್ಳಿಯವರು, ಕುರಿ ಕಾಯುವ ಮನೆತನ. ನೌಕರಿ ಸಿಕ್ಕಿ ಕಂಬ ಹತ್ತಿದರೂ ಹೆಗಲ ಮೇಲಿನ ಕರಿ ಕಂಬಳಿ ಇಳಿಯಲಿಲ್ಲ. ಬೇಸಿಗೆಯಲ್ಲೂ ಅದು ಇರುತ್ತಿತ್ತು. ಕೇಳಿದರೆ, "ಬಿಸಿಲನ್ನೂ ತಡೀತೈತ್ರಿ" ಎನ್ನುತ್ತಿದ್ದರು. ಏನನ್ನು ಮುಟ್ಟುವುದಿದ್ದರೂ ಮೊದಲು ಕೈಯ ಹಿಂಬದಿಯಿಂದ ಮುಟ್ಟುವುದು ಅವರ ರೂಢಿ. ಬೀಗ, ಗೇಟು, ಕಾಫಿ ಲೋಟ, ಎಲ್ಲಕ್ಕೂ ಅದೇ. ಕಂಬದ ಕೆಲಸ ಮಾಡುವಾಗ ಫ್ಯೂಸ್ ಕಿತ್ತು ಅಂಗಿ ಜೇಬಿನಲ್ಲಿಟ್ಟುಕೊಂಡೇ ಹತ್ತುತ್ತಿದ್ದರಂತೆ. ಯಾರೋ ಬಂದು ಅರಿಯದೆ ಹಾಕಿಬಿಟ್ಟರೆ ಎಂದು. ಹೀಗಾಗಿ ನಮ್ಮ ಹಿಂದಿನ ಓಣಿಯವರು ಊರಿಗೆ ಹೋಗುವಾಗ ಮನೆ ಬೀಗದ ಕೈಯನ್ನು ಅವರಲ್ಲೇ ಕೊಟ್ಟುಹೋಗುತ್ತಿದ್ದರು. ಅವರ ಗೋಡೆಯಲ್ಲಿ ಸಾಲಾಗಿ ಮೊಳೆ ಹೊಡೆದು, ಪ್ರತಿ ಮೊಳೆಯ ಕೆಳಗೆ ಸೀಮೆಸುಣ್ಣದಲ್ಲಿ ಗುರುತು ಬರೆದು, ಕೀಲಿಕೈಗಳನ್ನು ತೂಗುಹಾಕಿದ್ದರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಅಡಿಗೆ ಮಾಡಿಕೊಂಡಿದ್ದರು. ಮಗಳು ಹೊಸದುರ್ಗದ ಹತ್ತಿರ ಅವರ ಊರಿನಲ್ಲೇ ಇದ್ದಾಳೆ.

ನಮ್ಮ ಮನೆ ಚಿತ್ರದುರ್ಗದ ಹೊರಗೆ, ಮದಕರಿಪುರದ ಕಡೆ. ನಮ್ಮಪ್ಪ ಸೈಟು ಕೊಳ್ಳುವಾಗ ಅಗ್ಗವೆಂದು ಕೊಂಡದ್ದು. ಅಗ್ಗವಾಗಿದ್ದಕ್ಕೆ ಕಾರಣ ಸೈಟಿನ ನಡುವೆ ಆನೆಯ ಹಾಗೆ ಮಲಗಿದ್ದ ಒಂದು ಬಂಡೆ. ಸಿಡಿಸಲು ಅಕ್ಕಪಕ್ಕದವರು ಬಿಡಲಿಲ್ಲ. ಮುಂದೆ ಮನೆ ಕಟ್ಟಿದರು, ಬಂಡೆಯ ಹಿಂದೆ ಹಿತ್ತಲು ಉಳಿಯಿತು. ಒಂದು ಹುಣಸೆ ಮರ, ಬಟ್ಟೆ ಒಗೆಯುವ ಕಲ್ಲು, ಕೊನೆಯಲ್ಲಿ ಹಿಂದಿನ ಓಣಿಗೆ ಒಂದು ಚಿಕ್ಕ ಕಬ್ಬಿಣದ ಗೇಟು. ಆ ಗೇಟು ದಾಟಿದರೆ ಎದುರಿಗೇ ಅವರ ಮನೆ.

ನಾನು ಹೊಳಲ್ಕೆರೆಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನನ್ನ ಹೆಂಡತಿಗೂ ಊರಿನಲ್ಲಿ ಕೆಲಸ. ನಮ್ಮ ಅವ್ವನಿಗೆ ಮರೆವು ಶುರುವಾದ ಮೇಲೆ, ಮೂರು ಗಂಟೆಯವರೆಗೆ ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳನ್ನು ಗೊತ್ತುಮಾಡಿದ್ದೆವು. ಹೆಂಡತಿ ಮನೆ ಮುಟ್ಟುವುದು ಐದಕ್ಕೆ. ನಡುವಿನ ಆ ಎರಡು ಗಂಟೆಯೇ ನಮ್ಮ ತಲೆನೋವು. ಅವ್ವನ ತವರು ಆದಿವಾಲ. ಎಂಬತ್ತು ದಾಟಿದ ಮೇಲೆ ಅವಳಿಗೆ ದಿನಾ ಮಧ್ಯಾಹ್ನ ಆದಿವಾಲಕ್ಕೆ ಹೋಗಬೇಕೆನಿಸುತ್ತಿತ್ತು. "ಬಸ್ ಬಂತೇನಪ್ಪ?" ಎಂದು ಸೀರೆ ಸರಿಮಾಡಿಕೊಂಡು ಏಳುತ್ತಿದ್ದಳು.

"ನಾನೈದೀನಲ್ರಿ. ಮೂರಕ್ಕೆ ಬಂದು ಕುಂತ್ಕಂತೀನಿ, ಅಮ್ಮಾರು ಬರೋಗಂಟ" ಎಂದು ಅವರು ತಾವಾಗಿ ಹೇಳಿದರು. ನಾನು ನಕ್ಕು ತಳ್ಳಿಹಾಕಿದೆ. ಯಾರ ಹಂಗೂ ಬೇಡ ಎಂಬ ಬಿಂಕ. ಕ್ಯಾಮೆರಾ ಹಾಕಿಸುತ್ತೇನೆ, ಸ್ಟಾಫ್ ರೂಮಿನಲ್ಲೇ ಕೂತು ನೋಡುತ್ತೇನೆ ಎಂದೆ. 

ಈ ವೈರಿಲ್ಲದ ಕ್ಯಾಮೆರಾಗಳ ಸಂಗತಿ ಸ್ವಲ್ಪ ಹೇಳಬೇಕು. ಅವು ನೇರವಾಗಿ ಫೋನಿಗೆ ಚಿತ್ರ ಕಳಿಸುವುದಿಲ್ಲ. ಮನೆಯೊಳಗೆ ಬೇಸ್ ಸ್ಟೇಷನ್ ಎಂಬ ಒಂದು ಬಿಳಿ ಡಬ್ಬಿ ಇರುತ್ತದೆ. ಕಣ್ಣೆದುರು ಯಾರಾದರೂ ಓಡಾಡಿದರೆ ಕ್ಯಾಮೆರಾ ಎಚ್ಚರಗೊಂಡು ಚಿತ್ರವನ್ನು ಆ ಡಬ್ಬಿಗೆ ಕಳಿಸುತ್ತದೆ, ಡಬ್ಬಿ ಅದಕ್ಕೆ ಹೊತ್ತು ನಮೂದಿಸಿ ಇಟ್ಟುಕೊಂಡು ಫೋನಿಗೆ ತೋರಿಸುತ್ತದೆ. ಮುಂಬಾಗಿಲು, ಜಗಲಿ ಎಲ್ಲ ಚೆನ್ನಾಗಿ ಬಂತು. ಹಿತ್ತಲ ಗೇಟಿನ ಕ್ಯಾಮೆರಾ ಮಾತ್ರ ಮೂಕವಾಯಿತು. ಡಬ್ಬಿಗೂ ಅದಕ್ಕೂ ನಡುವೆ ನಮ್ಮಪ್ಪನ ಬಂಡೆ ಅಡ್ಡ ಮಲಗಿತ್ತು. 

ಅಂಗಡಿಯವನು ಇನ್ನೊಂದು ಡಬ್ಬಿ ಇಡಿ ಎಂದ. ಎರಡನೆಯದನ್ನು ತಂದು ಮೊದಲನೆಯದರ ಪಕ್ಕದಲ್ಲೇ ಇಟ್ಟು, ಈಗ ಬಲ ಎರಡರಷ್ಟಾಗುತ್ತದೆ ಎಂದುಕೊಂಡ ವಿಜ್ಞಾನದ ಮೇಷ್ಟ್ರು ನಾನು. ಹಾಗಲ್ಲವಂತೆ. ಒಂದು ಕ್ಯಾಮೆರಾ ಒಂದೇ ಡಬ್ಬಿಯ ಮಾತು ಕೇಳುವುದು. ಹಿತ್ತಲ ಕ್ಯಾಮೆರಾವನ್ನು ಮೊದಲ ಡಬ್ಬಿಯಿಂದ ಬಿಡಿಸಿ ಎರಡನೆಯದಕ್ಕೆ ಕಟ್ಟಬೇಕು, ಆ ಎರಡನೆಯದು ಬಂಡೆಯಾಚೆ ಎಲ್ಲಾದರೂ ಕರೆಂಟ್ ಇರುವ ಕಡೆ ಕೂರಬೇಕು. ಬಂಡೆಯಾಚೆ ಕರೆಂಟ್ ಇದ್ದದ್ದು ಅವರ ಮನೆಯಲ್ಲಿ.

ಹಂಗು ಬೇಡವೆಂದವನು ಅವರ ಬಾಗಿಲಿಗೇ ಹೋದೆ. 

"ಕುಂತ್ಕಳ್ರಿ" ಎಂದು ಕಂಬಳಿ ಹಾಸಿ ಕೂರಿಸಿ, ಕೇಳಿಸಿಕೊಂಡು, ಡಬ್ಬಿಯನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡಿ, "ಅವ್ವಾರನ್ನ ಕಾಯಾಕೆ ಅಂದ್ರೆ ಇಲ್ಲ ಅಂತೀನೇನ್ರಿ" ಎಂದರು. ಮಾರನೆಯ ದಿನ ಅವರೇ ಏಣಿ ತಂದರು. ಡಬ್ಬಿಗೆ ನಮ್ಮ ಮನೆಯಿಂದ ಇಂಟರ್ನೆಟ್ ವೈರು ಹೋಗಬೇಕಿತ್ತು. ನಾನು ಅದನ್ನು ಬಂಡೆಯ ಮೇಲೆ ನೇರವಾಗಿ ಎಳೆಯೋಣ ಎಂದಿದ್ದೆ. ಸಿಡಿಲಿಗೆ ಬಾಗಿಲು ತೆರೆದಂತೆ ಎಂದು ಅವರು ಒಪ್ಪಲಿಲ್ಲ. ಕಾಂಪೌಂಡಿನ ಗುಂಟ ಪೈಪಿನೊಳಗೆ ಹಾಯಿಸಿ, ಮೊಳಕ್ಕೊಂದು ಕ್ಲಾಂಪು ಹೊಡೆದು, ತಮ್ಮ ಮನೆಯ ದೇವರ ಗೂಡಿನ ಪಕ್ಕದ ಶೆಲ್ಫಿಗೆ ತಂದು ಮುಟ್ಟಿಸಿದರು. ನಾನು ಫೋನಿನಲ್ಲಿ ಡಬ್ಬಿಗೆ ಹೆಸರು ಕೊಟ್ಟೆ, ದೇಶಗಳ ಉದ್ದ ಪಟ್ಟಿಯಲ್ಲಿ ನಮ್ಮ ಸಮಯದ ಸಾಲು ಹುಡುಕಿ ಒತ್ತಿದೆ. ಗೇಟಿನ ಚಿತ್ರ ಫೋನಿನಲ್ಲಿ ಬಂತು.

"ಎರಡು ಡಬ್ಬಿ ಅಂದ್ರಿ. ಎರಡೂ ಒಂದೇ ಮಾತು ಹೇಳ್ತವಾ ಅಂತ ಒಂದ್ಸಲ ನೋಡ್ಬಿಡ್ರಿ" ಎಂದರು ಅವರು, ಏಣಿ ಮಡಿಸುತ್ತಾ. 

"ಅದೆಲ್ಲ ಅದೇ ನೋಡ್ಕಳ್ತೈತೆ ಯಜಮಾನ್ರೇ" ಎಂದೆ.

ನಾನು ಬೇಡವೆಂದಿದ್ದರೂ, ಕ್ಯಾಮೆರಾ ಬಂದ ಮೇಲೂ, ಅವರು ತಾವಾಗಿ ದಿನಾ ಬರತೊಡಗಿದರು. ಗೇಟಿನ ಒಂದು ಕೀಲಿಕೈ ಅವರಲ್ಲಿತ್ತು. ನಾಲ್ಕರ ಹೊತ್ತಿಗೆ ಬಂದು, ಗೇಟು ಹಾಕಿ, ಜಗಲಿಯ ಮೇಲೆ ಅವ್ವನ ಕುರ್ಚಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂರುವುದನ್ನು ನಾನು ಸ್ಟಾಫ್ ರೂಮಿನಲ್ಲಿ ಫೋನಿನಲ್ಲಿ ನೋಡುತ್ತಿದ್ದೆ. ಅವ್ವ ಅವರನ್ನು 'ತಮ್ಮ' ಎನ್ನುತ್ತಿದ್ದಳು. ಬಸ್ ಬಂತೇ ಎಂದು ಕೇಳಿದರೆ ಅವರು ಇಲ್ಲವೆನ್ನುತ್ತಿರಲಿಲ್ಲ. "ಬಸ್ ತುಂಬೈತವ್ವ, ನಿಂತ್ಕಂಡು ಹೋಗ್ಬೇಕಾಗ್ತೈತೆ. ಮುಂದಿನ ಬಸ್ಸಿಗೆ ಹೋಗಾಣ" ಎನ್ನುತ್ತಿದ್ದರು. ಅವ್ವ ಒಪ್ಪಿ ಕೂರುತ್ತಿದ್ದಳು. ನಾನಾದರೆ, ಆದಿವಾಲದಲ್ಲಿ ಈಗ ನಿನ್ನವರು ಯಾರೂ ಇಲ್ಲ ಎಂದು ಪಾಠ ಹೇಳಿ ಅಳಿಸುತ್ತಿದ್ದೆ.

ಆ ಫೆಬ್ರವರಿಯ ಒಂದು ದಿನ ಪೂರ್ವಸಿದ್ಧತಾ ಪರೀಕ್ಷೆ ನಡೆದಿತ್ತು. ಫೋನನ್ನು ಮೇಜಿನ ಖಾನೆಯಲ್ಲಿಟ್ಟು ಕೊಠಡಿಗೆ ಹೋಗಿದ್ದೆ. ತೆಗೆದು ನೋಡುವ ಹೊತ್ತಿಗೆ ಹೆಂಡತಿಯ ಆರು ಕರೆ ಇದ್ದವು. ಅವ್ವ ಹಿತ್ತಲ ಗೇಟಿನಿಂದ ಹೊರಟು, ಜೋಗಿಮಟ್ಟಿ ರಸ್ತೆಯ ಕಡೆ ಹೋಗಿ, ಮೋರಿಯ ಹತ್ತಿರ ಬಿದ್ದಿದ್ದಳು. ಕೈ ಮುರಿದಿತ್ತು, ಹಣೆ ಒಡೆದಿತ್ತು. ಹುಡುಕಿ ಆಟೋದಲ್ಲಿ ಆಸ್ಪತ್ರೆಗೆ ಒಯ್ದವರು ಅವರೇ. ನಾನು ಹೋದಾಗ ಅವರ ಕಂಬಳಿ ಅವ್ವನ ಮೈಮೇಲಿತ್ತು. "ನಾ ಬಂದಾಗ ಗೇಟು ತೆಗೆದಿತ್ರಿ. ಅವ್ವಾರು ಎಲ್ಲೂ ಇರ್ಲಿಲ್ಲ. ನಾಲ್ಕೂ ಕಾಲಾಗಿತ್ತು. ಇವತ್ತೇ ತಡ ಮಾಡಿಬಿಟ್ಟೆ ಮೇಷ್ಟ್ರೇ" ಎಂದು ಅವರೇ ತಪ್ಪು ಒಪ್ಪಿಕೊಂಡವರ ಹಾಗೆ ನಿಂತಿದ್ದರು.

ಮಾರನೆಯ ಬೆಳಗಿನ ಜಾವ ಆಸ್ಪತ್ರೆಯಲ್ಲಿ ಅವ್ವನ ಮಂಚದ ಪಕ್ಕ ಕೂತು ಫೋನಿನಲ್ಲಿ ಹಿಂದಿನ ದಿನದ ಚಿತ್ರ ತೆಗೆದೆ. ಜಗಲಿಯ ಕ್ಯಾಮೆರಾದಲ್ಲಿ ಅವ್ವ ಕುರ್ಚಿಯಿಂದೆದ್ದು ಹಿತ್ತಲಿನ ಕಡೆ ತಿರುಗಿದ್ದು ಮೂರೂ ನಲವತ್ತೆರಡಕ್ಕೆ. ಗೇಟಿನ ಕ್ಯಾಮೆರಾದಲ್ಲಿ ಅಲ್ಲಿಂದ ಮುಂದೆ ನೋಡಿದೆ. ಮೂರೂ ನಲವತ್ತೈದಕ್ಕೆ ಅವರು ಒಳಗೆ ಬಂದರು. ಮೂರೂ ಐವತ್ತಕ್ಕೆ ದಾಪುಗಾಲು ಹಾಕುತ್ತಾ ಹೊರಟುಹೋದರು. ಅವ್ವ ಗೇಟು ದಾಟಿದ ಚಿತ್ರ ಮಾತ್ರ ಇರಲಿಲ್ಲ, ಅವರ ಬೆನ್ನ ಮರೆಯಲ್ಲಿ ತಪ್ಪಿರಬೇಕು ಎಂದುಕೊಂಡೆ. ಅಂದರೆ ಅವ್ವ ಹಿತ್ತಲಿಗೆ ಬಂದ ಮೂರೇ ನಿಮಿಷಕ್ಕೆ ಅವರು ಅಲ್ಲಿದ್ದರು. ನಾಲ್ಕೂ ಕಾಲು ಎಂದು ಹೇಳಿದ್ದರು. ಸುಳ್ಳು ಯಾಕೆ ಹೇಳಬೇಕು? ನನ್ನ ತಲೆ ಗಡಗಡ ಓಡಿತು. ಗೇಟು ತೆಗೆದಿಟ್ಟು ಬಂದಿದ್ದಾರೆ, ಅವ್ವ ಅವರ ಕಣ್ತಪ್ಪಿಸಿ ಹೋಗಿದ್ದಾಳೆ, ಈಗ ಮುಚ್ಚಿಡುತ್ತಿದ್ದಾರೆ ಎಂದು ಲೆಕ್ಕ ಬಿಡಿಸಿದೆ. ಆ ಎರಡು ಚಿತ್ರಗಳನ್ನು ಫೋನಿನಲ್ಲಿ ಬೇರೆ ತೆಗೆದಿಟ್ಟುಕೊಂಡೆ. ಸಾಕ್ಷಿಗೆ.

ಬೆಳಗಾದ ಮೇಲೆ ಮನೆಗೆ ಬಂದೆ. ಅವತ್ತು ಹಿಂದಿನ ಓಣಿಯ ನಲ್ಲಿಗೆ ನೀರು ಬಿಟ್ಟಿದ್ದ ದಿನ. ಕೊಡ ಹಿಡಿದ ಹತ್ತು ಹನ್ನೆರಡು ಮಂದಿ ಇದ್ದರು. ಅವರೂ ಬಕೆಟ್ ಹಿಡಿದು ಸಾಲಿನಲ್ಲಿದ್ದರು. ಒಳಗೆ ಕರೆದು ಕೇಳಬಹುದಿತ್ತು. ನಾನು ಅಲ್ಲೇ ಕೇಳಿದೆ.

"ನಿನ್ನೆ ನೀವು ಬಂದದ್ದು ಎಷ್ಟೊತ್ತಿಗೆ?"

"ನಾಲ್ಕೂ ಕಾಲ್ರಿ." ಅವರು ಮಣಿಕಟ್ಟು ತಿರುಗಿಸಿ ವಾಚು ತೋರಿಸಿದರು, ಅದರಲ್ಲಿ ನಿನ್ನೆಯ ಹೊತ್ತು ಇನ್ನೂ ಇದೆಯೇನೋ ಎಂಬಂತೆ.

"ಕ್ಯಾಮೆರಾ ಮೂರೂ ಮುಕ್ಕಾಲಿಗೇ ಬಂದ್ರು ಅಂತೈತೆ. ನೋಡ್ರಿ." ಫೋನನ್ನು ಅವರ ಮುಖಕ್ಕೆ ಹಿಡಿದೆ. ಕೊಡದವರೂ ಬಗ್ಗಿ ನೋಡಿದರು. "ನಮ್ಮವ್ವ ಹಿತ್ತಲಿಗೆ ಬಂದ ಮೂರು ನಿಮಿಷಕ್ಕೆ ನೀವು ಅಲ್ಲೇ ಇದ್ದೀರಿ. ಆಮೇಲೆ ಗೇಟು ಹಾರು ಹೊಡೆದು ಹೋಗಿದೀರಿ. ಆಕೆ ಬೀಳೋದಕ್ಕೆ ಕಾರಣ ಆಗಿ, ಹುಡುಕಿ ತಂದೆ ಅಂತ ದೊಡ್ಡಸ್ತಿಕೆ ಬೇರೆ."

ಅವರು ಫೋನನ್ನೇ ನೋಡಿದರು. "ಇವನು ನಾನೇ" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಆ ಡಬ್ಬಿ ಟೈಮು ಸರಿ ಐತಾ ಒಂದ್ಸಲ ನೋಡ್ರಿ ಮೇಷ್ಟ್ರೇ" ಎಂದರು.

"ಕ್ಯಾಮೆರಾ ಸುಳ್ಳು ಹೇಳಲ್ಲ ಯಜಮಾನ್ರೇ. ಸುಳ್ಳು ಹೇಳೋದು ಮನುಷ್ಯ. ವಯಸ್ಸಾದ್ಮೇಲಾದ್ರೂ ಬಿಡ್ಬೇಕು." 

ಈ ಮಾತನ್ನು ನಾನೇ ಹೇಳಿದ್ದು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವರು ಬಕೆಟನ್ನು ಅಲ್ಲೇ ಬಿಟ್ಟು ಮನೆಯೊಳಗೆ ಹೋಗಿ, ಗೋಡೆಯ ಮೊಳೆಯಿಂದ ನಮ್ಮ ಗೇಟಿನ ಕೀಲಿಕೈ ತಂದು, ಎರಡೂ ಕೈಯಲ್ಲಿ ನನಗೆ ಕೊಟ್ಟರು. ದೊಡ್ಡವರಿಗೆ ಕೊಡುವ ಹಾಗೆ. ನಾನು ಅವರಿಗಿಂತ ಹದಿನೈದು ವರ್ಷ ಚಿಕ್ಕವನು.

ಅವತ್ತಿನಿಂದ ಅವರು ನಮ್ಮ ಮನೆಗೆ ಬರಲಿಲ್ಲ. ನನ್ನ ಹೆಂಡತಿ ಒಂದು ತಿಂಗಳು ರಜೆ ಹಾಕಿದಳು, ಆಮೇಲೆ ಆ ಹೆಣ್ಣುಮಗಳೇ ಐದರವರೆಗೆ ಇರಲು ಒಪ್ಪಿದಳು. ಓಣಿಯವರು ನನ್ನ ಎದುರು ಏನೂ ಅನ್ನಲಿಲ್ಲ. ಆದರೆ ಒಬ್ಬೊಬ್ಬರೇ ಏನೋ ನೆವ ಹೇಳಿ ತಮ್ಮ ಮನೆಯ ಕೀಲಿಕೈ ವಾಪಸು ತೆಗೆದುಕೊಂಡರಂತೆ. ಮೇಷ್ಟ್ರು ಕ್ಯಾಮೆರಾದಲ್ಲೇ ತೋರಿಸಿದ್ದಾರೆ ಎಂದ ಮೇಲೆ ಯಾರು ತಾನೇ ನಂಬಿಯಾರು? ಅವ್ವ ಮಾತ್ರ ನಾಲ್ಕಾದರೆ ಹಿತ್ತಲ ಕಡೆ ತಿರುಗಿ, "ತಮ್ಮ ಬರ್ಲಿಲ್ಲ" ಎನ್ನುತ್ತಿದ್ದಳು. ನನ್ನ ಹೆಸರು ಮರೆತವಳಿಗೆ ಅದು ನೆನಪಿತ್ತು.

ಡಬ್ಬಿಯನ್ನು ಅವರು ಕಿತ್ತೊಗೆಯಬಹುದಿತ್ತು. ಕಿತ್ತೊಗೆದರೆ ನನಗೂ ಒಂದು ಸಮಾಧಾನ ಇರುತ್ತಿತ್ತು. ಕೀಳಲಿಲ್ಲ. ಗೇಟಿನ ಚಿತ್ರ ಒಂದು ದಿನವೂ ತಪ್ಪದೆ ಬಂತು. ಹಿಂದಿನ ಓಣಿಯಲ್ಲಿ ಕರೆಂಟ್ ಹೋದಾಗಲೂ ಬಂತು. ಅದು ಹೇಗೆ ಎಂದು ನಾನು ಯೋಚಿಸಲೂ ಇಲ್ಲ.

ಜೂನ್ ತಿಂಗಳು, ಶಾಲೆ ಶುರುವಾದ ಮೊದಲ ಭಾನುವಾರ. ಗೇಟಿಗೆ ಎಣ್ಣೆ ಬಿಡುತ್ತಿದ್ದೆ. ಜೇಬಿನಲ್ಲಿ ಫೋನು ಕುಂಯ್ ಎಂದಿತು. ತೆಗೆದರೆ ನನ್ನದೇ ಚಿತ್ರ, ಎಣ್ಣೆ ಡಬ್ಬಿ ಹಿಡಿದು ನಿಂತದ್ದು. ಚಿತ್ರದ ಮೂಲೆಯಲ್ಲಿ ಹತ್ತೂ ಹತ್ತು ಎಂದಿತ್ತು. ಫೋನಿನ ತಲೆಯ ಮೇಲೆ ಹತ್ತೂ ನಲವತ್ತು.

ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತೆ. ಸೆಟ್ಟಿಂಗು ತೆಗೆದು ನೋಡಿದೆ. ಆ ಉದ್ದ ಪಟ್ಟಿಯಲ್ಲಿ ನಮ್ಮ ದೇಶದ ಸಾಲಿನ ಮೇಲಿನ ಸಾಲನ್ನು ಒತ್ತಿದ್ದೆ. ಅರ್ಧ ಗಂಟೆ ಹಿಂದು. ಮುಂದಿನ ಡಬ್ಬಿ ಸರಿ, ಬಂಡೆಯಾಚೆಯದು ತಪ್ಪು. ಅವರು ಗೇಟಿಗೆ ಬಂದದ್ದು ನಾಲ್ಕೂ ಕಾಲಿಗೇ.

ಆಮೇಲೆ ಮಾಡಬೇಕಾದದ್ದನ್ನು ಮಾಡಿದೆ, ನಾಲ್ಕು ತಿಂಗಳು ತಡವಾಗಿ. ಫೆಬ್ರವರಿಯ ಆ ದಿನಕ್ಕೆ ಹೋಗಿ ಗೇಟಿನ ಚಿತ್ರವನ್ನು ಮೊದಲಿಂದ ನೋಡಿದೆ. ಅವತ್ತು ನಾನು ಮೂರೂ ನಲವತ್ತರಿಂದ ಈಚೆಗಷ್ಟೇ ನೋಡಿದ್ದೆ. ಮೂರೂ ಹದಿನಾಲ್ಕು ಎಂಬ ಚಿತ್ರದಲ್ಲಿ ಅವ್ವ ಒಬ್ಬಳೇ ಬಂದು, ಗೇಟನ್ನು ಸುಮ್ಮನೆ ತಳ್ಳಿ, ಹೊರಗೆ ಹೋಗುತ್ತಾಳೆ. ಅದೇ ಹೊತ್ತಿಗೆ ಜಗಲಿಯ ಕ್ಯಾಮೆರಾದಲ್ಲಿ ಅವಳು ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಳೆ. ಒಬ್ಬಳೇ ಅವ್ವ ಎರಡು ಕಡೆ. ಗೇಟಿಗೆ ಬೀಗ ಯಾಕಿರಲಿಲ್ಲ ಎಂದು ಇನ್ನೂ ಹಿಂದಕ್ಕೆ ಹೋದೆ. ಬೆಳಿಗ್ಗೆ ಒಬ್ಬ ಮನುಷ್ಯ ಸ್ಟೂಲು ತಂದು, ಕ್ಯಾಮೆರಾದ ಕಣ್ಣು ಒರೆಸಿ, ಬೀಗ ತೆಗೆದು ಹೊರಗಿನಿಂದಲೂ ಒಮ್ಮೆ ನೋಡಿ, ಬಸ್ಸಿಗೆ ಹೊತ್ತಾಯಿತೆಂದು ಬೀಗವನ್ನು ಗೇಟಿಗೆ ಸುಮ್ಮನೆ ಸಿಕ್ಕಿಸಿ ಓಡಿದ್ದಾನೆ. ಆ ಮನುಷ್ಯ ನಾನು.

ಅವರ ಮನೆಗೆ ಅಲ್ಲಿಂದ ಹತ್ತು ಹೆಜ್ಜೆ. ಬಾಗಿಲು ತೆರೆದಿತ್ತು, ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು. ನಾನು ಪಟ್ಟಿಯಲ್ಲಿ ಸರಿಯಾದ ಸಾಲು ಒತ್ತಿ, ಗಡಿಯಾರ ಸರಿಮಾಡಿ, ಎಣ್ಣೆ ಡಬ್ಬಿ ತೆಗೆದುಕೊಂಡು ಮನೆಯೊಳಗೆ ಹೋದೆ.

ಯಾಕೆ ಹೋಗಲಿಲ್ಲ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಏನೇನೋ ಹೇಳಿಕೊಳ್ಳಬಹುದು. ಅವ್ವನ ಕೈ ನೆಟ್ಟಗಾಗಲಿ, ಅಂದೆ. ಪಂಚಮಿಗೆ ಉಂಡೆ ಕೊಟ್ಟು ಹೇಳಿದರಾಯಿತು, ಅಂದೆ. ನಿಜ ಇಷ್ಟೇ: ನಲ್ಲಿಯ ಹತ್ತಿರ ಅಂದದ್ದನ್ನು ನಲ್ಲಿಯ ಹತ್ತಿರವೇ ನುಂಗಬೇಕಾಗುತ್ತದಲ್ಲ ಎಂದು ಹೆದರಿದೆ. ಹೆಂಡತಿಗೆ ಹೇಳಿದಾಗ ಅವಳು ಒಲೆಯ ಉರಿ ಸಣ್ಣಮಾಡಿ, "ಈಗ್ಲೇ ಹೋಗಿ ಒಂದು ಮಾತು ಹೇಳಿ ಬರ್ರಿ" ಎಂದಳು. ನಾಳೆ ಎಂದೆ. ಎರಡು ಸಲ ಹೇಳಿದಳು, ಮೂರನೆಯ ಸಲ ಹೇಳಲಿಲ್ಲ. ನೀನೇ ಹೋಗಿ ಹೇಳು ಎಂದದ್ದಕ್ಕೆ, "ಅಂದೋರು ನೀವು" ಎಂದಳು.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಬಸ್ ಹತ್ತಿದರೆ ಖಾಲಿ ಇದ್ದದ್ದು ಒಂದೇ ಸೀಟು. ಅವರ ಪಕ್ಕ. ಮಗಳ ಊರಿಗೆ ಹೊರಟಿದ್ದರು. ಕಂಬಳಿಯನ್ನು ತೊಡೆಯ ಮೇಲೆ ಎಳೆದುಕೊಂಡು ಜಾಗ ಮಾಡಿದರು. ಸೊರಗಿದ್ದರು. ಕೈಯಲ್ಲಿ ವಾಚಿರಲಿಲ್ಲ, ಅದಿದ್ದ ಕಡೆ ಚರ್ಮ ಬೆಳ್ಳಗಿತ್ತು. ಹೊಳಲ್ಕೆರೆಗೆ ಮುಕ್ಕಾಲು ಗಂಟೆ ದಾರಿ. ದೇವರೇ ಕೂರಿಸಿದ್ದಾನೆ, ಈಗ ಹೇಳಿಬಿಡಬೇಕು ಎಂದು ಗಂಟಲು ಸರಿಮಾಡಿಕೊಂಡೆ.

"ಡಬ್ಬಿ ದೀಪ ಯಾವ ಬಣ್ಣ ಐತೆ ಯಜಮಾನ್ರೇ?" ಎಂಬ ಮಾತು ಬಂತು.

"ನೀಲಿ ಐತ್ರಿ. ದಿನಾ ಒರೆಸ್ತೀನಿ." ಕಂಬಳಿಯ ಅಂಚು ಮಡಿಸುತ್ತಾ, "ಅವ್ವಾರು ಹೆಂಗವ್ರೆ?" ಎಂದರು.

ಚೆನ್ನಾಗಿದ್ದಾಳೆ ಎಂದೆ. ಬಸ್ಸು ಎರಡು ಸ್ಟಾಪು ದಾಟಿತು. ಆಮೇಲೆ ಅವರೇ ಕೇಳಿದರು. "ಅವ್ವಾರಿಗೆ ಮೊದಮೊದಲು ಏನು ಮರೆಯಾಕೆ ಶುರುವಾತ್ರಿ?"

ಮಾತು ಬದಲಾದದ್ದೇ ಸಾಕೆಂದು ನಾನು ಹುಮ್ಮಸ್ಸಿನಿಂದ ಪಾಠ ಮಾಡಿದೆ. ಮೊದಲು ಹೊತ್ತು ತಪ್ಪುತ್ತದೆ, ಬೆಳಿಗ್ಗೆ ಮಾಡಿದ್ದನ್ನು ಸಂಜೆ ಎನ್ನುತ್ತಾರೆ. ಆಮೇಲೆ ಒಲೆ ಆರಿಸುವುದು, ಆಮೇಲೆ ಹೆಸರುಗಳು. ಅವರು ಒಂದೊಂದಕ್ಕೂ ಬೆರಳು ಮಡಿಸುತ್ತಾ ಕೇಳಿದರು, ಕುರಿ ಎಣಿಸುವವರ ಹಾಗೆ.

"ತಪ್ಪು ಹೇಳ್ತಿದೀನಿ ಅಂತ ಅವರಿಗೆ ಗೊತ್ತಾಗ್ತಿರ್ಲಿಲ್ವಾ?"

"ಇಲ್ಲ ಯಜಮಾನ್ರೇ, ಅದೇ ಆ ರೋಗದ ಗುಣ. ತಾನು ಹೇಳೋದೇ ಸರಿ ಅಂತ ಆಣೆ ಮಾಡ್ತಾರೆ. ಹೊರಗಿನವರಿಗೆ ಗೊತ್ತಾಗ್ತೈತೆ, ಅವರಿಗೆ ಗೊತ್ತಾಗಲ್ಲ."

"ಹಂಗಾ" ಎಂದರು. ಮಡಿಸಿದ ಬೆರಳುಗಳನ್ನು ಬಿಡಿಸಲಿಲ್ಲ. ಹೊಳಲ್ಕೆರೆ ಬಂತು. ನಾನು ಇಳಿದೆ. ಬರ್ತೀನಿ ಎಂದು ಕೂಡ ಸರಿಯಾಗಿ ಹೇಳಲಿಲ್ಲ.

ದೀಪಾವಳಿ ಕಳೆದು ಕೆಲವು ದಿನಕ್ಕೆ, ಶಾಲೆಯಲ್ಲಿದ್ದಾಗ ಫೋನಿನಲ್ಲಿ ಎರಡನೆಯ ಬೇಸ್ ಸ್ಟೇಷನ್ ಸಂಪರ್ಕ ತಪ್ಪಿದೆ ಎಂದು ಬಂತು. ಸಂಜೆಯವರೆಗೂ ಹಾಗೇ ಇತ್ತು. ನನಗೆ ಬಂದದ್ದು ಸಿಟ್ಟು. ಕೊನೆಗೂ ಕಿತ್ತರು ನೋಡು, ಎಂದುಕೊಂಡೆ. ಒಂಬತ್ತು ತಿಂಗಳ ಮೇಲೆ ಮೊದಲ ಸಲ ಅವರ ಬಾಗಿಲಿಗೆ ಹೋದೆ, ಅದೂ ಡಬ್ಬಿಗಾಗಿ. ಬೀಗ ಹಾಕಿತ್ತು. ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ ಹೆಂಗಸು ತಲೆ ಎತ್ತದೆ ಹೇಳಿದಳು. ಬೆಳಿಗ್ಗೆ ಎದ್ದಿರಲಿಲ್ಲ, ನಿದ್ದೆಯಲ್ಲೇ ಹೋಗಿದ್ದಾರೆ. ಮಗಳು ಬಂದು ಊರಿಗೆ ಒಯ್ದಳು. ಹೋಗುವಾಗ ಮೈನ್ ಸ್ವಿಚ್ ಆರಿಸಿ, ಫ್ಯೂಸ್ ಕಿತ್ತುಕೊಂಡು ಹೋದಳಂತೆ. ಲೈನ್‌ಮನ್ ಮಗಳಲ್ಲವೇ.

ಹನ್ನೆರಡನೆಯ ದಿನದ ಮಾರನೆಗೆ ನಾನು ಹೊಸದುರ್ಗದ ಬಸ್ ಹತ್ತಿದೆ. ಹೊಳಲ್ಕೆರೆ ಬಂದಾಗ ಇಳಿಯದೆ ಮುಂದಕ್ಕೆ ಹೋದೆ. ಅವರ ಊರು ಮುಟ್ಟುವ ಹೊತ್ತಿಗೆ ಹನ್ನೊಂದಾಗಿತ್ತು. ಅಂಗಳದ ಬೇಲಿಯಾಚೆ ಕುರಿಮರಿಗಳು ಕೂಗುತ್ತಿದ್ದವು. ಮಗಳು ನಲವತ್ತರ ಹೆಂಗಸು, ಅಪ್ಪನದೇ ಮೂಗು. ಕಂಬಳಿ ಹಾಸಿ ಕೂರಿಸಿದಳು, ಕಾಫಿ ಕೊಟ್ಟಳು, ಒಳಗಿನಿಂದ ಟವೆಲ್ಲಿನಲ್ಲಿ ಸುತ್ತಿದ ಗಂಟೊಂದನ್ನು ತಂದು ನನ್ನ ಮುಂದಿಟ್ಟಳು.

"ನಿಮ್ಮ ಡಬ್ಬಿ ಸಾರ್. ಇಲ್ಲೇ ಬಂದಿರಪ್ಪ ಅಂತ ಎಷ್ಟು ಕರದೆ. ನಾ ಬಂದ್ರೆ ಡಬ್ಬಿ ಕರೆಂಟಿಗೆ ಯಾರು ಗತಿ, ಮೇಷ್ಟ್ರ ಅವ್ವ ಗೇಟಿಗೆ ಬಂದ್ರೆ ಗೊತ್ತಾಗದಂಗಾಗ್ತೈತೆ ಅಂತಿದ್ದ. ಕರೆಂಟ್ ಹೋದ್ರೆ ಫ್ಯಾನ್ ಆರಿಸಿ ಬ್ಯಾಟ್ರಿನ ಇದಕ್ಕೇ ಕೊಡ್ತಿದ್ದ."

ನಾನು ಲೋಟ ಹಿಡಿದುಕೊಂಡೇ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಒಂದು ಕೇಳ್ಲಾ ಸಾರ್? ನಮ್ಮಪ್ಪಗೆ ಮರೆವು ಬಂದಿತ್ತಾ? ನೀವು ದಿನಾ ನೋಡ್ತಿದ್ದೋರು."

"ಯಾಕಮ್ಮ?"

"ಬಂದೈತೆ ಅಂತ ಅವನೇ ಹೇಳ್ತಿದ್ದ, ಯಾರಿಗೂ ಹೇಳ್ಬ್ಯಾಡ ಅಂತಿದ್ದ. ನಿಮ್ಮನೆ ಅಜ್ಜಿ ಬಿದ್ದ ದಿನ ನಾಲ್ಕೂ ಕಾಲಿಗೆ ಹೋಗಿದ್ದೆ ಅಂತ ಅವನ ತಲೆಯಾಗಿತ್ತಂತೆ. ಕ್ಯಾಮೆರಾದಾಗೆ ಬೇರೆ ಐತಂತೆ. ವಾಚ್ ಅಂಗಡಿಗೆ ಒಯ್ದು ತೋರಿಸ್ದ, ವಾಚ್ ಸರಿ ಐತೆ ಅಂದ್ರು. 'ವಾಚ್ ಸರಿ ಐತೆ, ಕ್ಯಾಮೆರಾ ಸರಿ ಐತೆ ಅಂತ ಅಷ್ಟು ಓದಿದ ಮೇಷ್ಟ್ರು ಹೇಳ್ತಾರೆ. ಹಂಗಾದ್ರೆ ಕೆಟ್ಟಿರೋದು ನಾನೇ ಅಲ್ಲೇನವ್ವ' ಅಂದ. ಡಾಕ್ಟ್ರು ಏನೂ ಇಲ್ಲ ಅಂದ್ರೂ ನಂಬ್ಲಿಲ್ಲ. ಮರೆತೋರಿಗೆ ಮರೆತಿದ್ದು ಗೊತ್ತಾಗಲ್ಲ ಅಂತ ಯಾರೋ ಹೇಳಿದ್ರಂತೆ. ಅವತ್ತಿಂದ ಒಲೆ ಹಚ್ಚೋದೇ ಬಿಟ್ಟ. ಆರಿಸೋದು ಮರೆತ್ರೆ ಓಣಿ ಸುಟ್ಟೋಗ್ತೈತೆ ಅಂತ. ಅವಲಕ್ಕಿ, ಮಂಡಕ್ಕಿ ತಿಂದ್ಕೊಂಡಿದ್ದ." ಸೆರಗಿನಿಂದ ಮುಖ ಒರೆಸಿಕೊಂಡಳು. "ಕೊನೆಗಂಟ ನನ್ನ ಮಗಳ ಹುಟ್ಟಿದ ದಿನ ಮರೀಲಿಲ್ಲ ಸಾರ್. ಅದಕ್ಕೆ ಕೇಳ್ದೆ."

"ನಿಮ್ಮಪ್ಪಗೆ ಏನೂ ಆಗಿರ್ಲಿಲ್ಲಮ್ಮ" ಎಂದೆ. "ಆ ಡಬ್ಬಿ ಗಡಿಯಾರ ಅರ್ಧ ಗಂಟೆ ಹಿಂದಿತ್ತು. ನಾನೇ ತಪ್ಪಿಟ್ಟಿದ್ದೆ. ಗೇಟಿನ ಬೀಗ ಹಾಕದೆ ಹೋದೋನೂ ನಾನೇ. ಅವರು ನಾಲ್ಕೂ ಕಾಲಿಗೇ ಬಂದಿದ್ದು."

ಅವಳ ಮುಖ ಮೊದಲು ಅರಳಿತು. ಅಪ್ಪನಿಗೆ ಏನೂ ಆಗಿರಲಿಲ್ಲ ಎಂಬುದಷ್ಟೇ ಅವಳಿಗೆ ಕೇಳಿಸಿತ್ತು. ಆಮೇಲೆ ಉಳಿದದ್ದೂ ಮುಟ್ಟಿತು.

"ನಿಮಗೆ ಯಾವಾಗ ಗೊತ್ತಾತು ಸಾರ್?"

ಮೊನ್ನೆ ಎಂದು ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ಜೂನ್ ತಿಂಗಳಾಗೆ" ಎಂದೆ.

ಅವಳು ಒಂದೊಂದೇ ಬೆರಳು ಮಡಿಸಿದಳು. ಜೂನ್‌ನಿಂದ ಎಣಿಸಿ ಕಾರ್ತಿಕಕ್ಕೆ ನಿಲ್ಲಿಸಿದಳು. ಎದ್ದು, ನನ್ನ ಕೈಯಲ್ಲಿದ್ದ ಅರ್ಧ ಕುಡಿದ ಕಾಫಿ ಲೋಟವನ್ನು ತೆಗೆದುಕೊಂಡು ಒಳಗೆ ಹೋದಳು. ಲೋಟ ತೊಳೆಯುವ ಸದ್ದು ಕೇಳಿತು. ನಾನು ಕೂತೇ ಇದ್ದೆ. ಎಷ್ಟು ಹೊತ್ತಾದರೂ ಒಳಗಿನಿಂದ ಯಾರೂ ಬರಲಿಲ್ಲ. ಡಬ್ಬಿಯನ್ನು ಅವರ ಟವೆಲ್ಲಿನಿಂದ ಬಿಡಿಸಿ, ಟವೆಲ್ಲನ್ನು ಮಡಿಸಿ ಕಂಬಳಿಯ ಮೇಲಿಟ್ಟು, ನಾನೇ ಎದ್ದು ಬಂದೆ.